ಸುಂಕದ ಕಟ್ಟೆಯಲ್ಲಿ ಬೆಳಗಾಯಿತು

ಸಂಸ್ಕೃತ ಪಂಡಿತರು ವಾದಸಭೆಗಳಲ್ಲಿ ಉಪಯೋಗಿಸುವ ಲೌಕಿಕನ್ಯಾಯಗಳಲ್ಲಿ ‘ಘಟ್ಟಕುಟೀಪ್ರಭಾತನ್ಯಾಯ’ ಎಂಬುದೊಂದುಂಟು. ಘಟ್ಟಕುಟೀ ಎಂದರೆ ಸುಂಕ ವಸೂಲು ಮಾಡುವವನ ಗುಡಿಸಲು. ಒಬ್ಬಾನೊಬ್ಬ ವರ್ತಕನು ಸುಂಕವನ್ನು ತಪ್ಪಿಸಿಕೊಳ್ಳಬೇಕೆಂಬ ಆಸೆಯಿಂದ ರಾಜಮಾರ್ಗವನ್ನು ಬಿಟ್ಟು, ಹೇರೆತ್ತುಗಳನ್ನು ಕಾಡುದಾರಿಗೆ ಹೊಡೆದುಕೊಂಡು ಹೋಗಿ, ರಾತ್ರಿಯೆಲ್ಲಾ ಕಲ್ಲುಮುಳ್ಳುಗಳಲ್ಲಿ ಅಲೆದನಂತೆ. ಮೂಡಣ ದಿಕ್ಕು ಕೆಂಪಾಗಿ ಕಣ್ಣಿಗೆ ದಾರಿ ಕಾಣಿಸಿದಾಗ ನೋಡುತ್ತಾನೆ, ಯಾವ ಗುಡಿಸಲಿಗೆ ಹೆದರಿ ಓಡಿದ್ದನೋ ಅದೇ ಗುಡಿಸಲಿನ ಬಾಗಿಲಲ್ಲಿ ತಾನು ನಿಂತಿದ್ದಾನೆ! ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಪುತ್ತೂರು ಸೀಮೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ನಾನು ಈ ನ್ಯಾಯವನ್ನು ಎಷ್ಟೋ ಸಲ ವಿವರಿಸಿದ್ದುಂಟು. ಆದರೆ ಅದರ ಅರ್ಥವು ನನಗೇ ಚೆನ್ನಾಗಿ ಮನದಟ್ಟಾದುದು ೨೦೨೪ನೆಯ ಇಸವಿಯಲ್ಲಿ, ಒಂದು ವಿಮಾನನಿಲ್ದಾಣದಲ್ಲಿ, ಬೆಳಗಿನ ಜಾವ ಮೂರು ಹೊಸ ಲ್ಯಾಪ್‌ಟಾಪುಗಳನ್ನು ಹೊತ್ತುಕೊಂಡು ನಿಂತಾಗ.

ಇದನ್ನು ಬರೆಯುವುದರಲ್ಲಿ ನನಗೆ ಎರಡು ಉದ್ದೇಶಗಳಿವೆ. ಪುತ್ತೂರು, ಸುಳ್ಯ ಮತ್ತು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಕಡಬ, ಈ ಮೂರು ಸೀಮೆಗಳಲ್ಲಿ ಈಗ ಮಗನೋ ಮಗಳೋ ಅಳಿಯನೋ ಪರದೇಶದಲ್ಲಿಲ್ಲದ ಮನೆಯು ಅಪೂರ್ವ. ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಬೇಕೆಂದೋ ತಾಯಿತಂದೆಗಳು ಅಲ್ಲಿಗೆ ಹೋಗಿ ಬರುತ್ತಾರೆ. ಬರುವಾಗ ಅವರ ಕೈಚೀಲದಲ್ಲಿ ಒಂದು ಹೊಸ ಲ್ಯಾಪ್‌ಟಾಪು ಸೇರಿಕೊಳ್ಳುವುದು ರೂಢಿಯಾಗಿದೆ. ಅಂಥ ಗೃಹಸ್ಥರಿಗೆ ನನ್ನ ಅನುಭವವು ಉಪಯೋಗಕ್ಕೆ ಬಂದೀತೆಂಬುದು ಮೊದಲನೆಯ ಉದ್ದೇಶ. ಎರಡನೆಯದು ಅಷ್ಟು ಸುಲಭವಾಗಿ ಹೇಳತಕ್ಕದ್ದಲ್ಲ; ಲೇಖನದ ಕೊನೆಯಲ್ಲಿ ವಾಚಕರಿಗೇ ತಿಳಿಯುವುದು.

ನಾನು ಚಿಕ್ಕವನಾಗಿದ್ದಾಗ, ಎಂದರೆ ೧೯೭೦ರ ದಶಕದಲ್ಲಿ, ಗಲ್ಫ್ ದೇಶಗಳಿಗೆ ಹೋಗುವ ನಮ್ಮ ಕಡೆಯವರು ಮೊದಲು ಬಸ್ಸಿನಲ್ಲಿ ಮುಂಬಯಿಗೆ ಹೋಗಿ ಅಲ್ಲಿಂದ ಹೊರಡಬೇಕಾಗಿತ್ತು. ಹಿಂದಿರುಗುವಾಗ ಅವರು ತರುತ್ತಿದ್ದ ಟೇಪ್ ರೆಕಾರ್ಡರು, ಗಡಿಯಾರ, ಟಾರ್ಚು, ಅತ್ತರಿನ ಸೀಸೆಗಳನ್ನು ನೋಡುವುದಕ್ಕೆ ಊರಿನ ಮಕ್ಕಳೆಲ್ಲ ಕೂಡುತ್ತಿದ್ದೆವು. ಬಜಪೆಯ ವಿಮಾನನಿಲ್ದಾಣವು ೧೯೫೧ರ ಡಿಸೆಂಬರಿನಲ್ಲಿಯೇ ಆರಂಭವಾಗಿದ್ದರೂ ಅಲ್ಲಿಂದ ದುಬಾಯಿಗೆ ನೇರವಾಗಿ ವಿಮಾನವು ಹಾರತೊಡಗಿದುದು ೨೦೦೬ರಲ್ಲಿ. ಕೆಂಜಾರಿನ ಹೊಸ ಕಟ್ಟಡವು ೨೦೧೦ರಲ್ಲಿ ಸಿದ್ಧವಾಯಿತು. ಆ ನಿಲ್ದಾಣದ ಆಸುಪಾಸಿನಲ್ಲಿಯೇ ‘ಸುಂಕದಕಟ್ಟೆ’ ಎಂಬ ಊರಿದೆ. ಯಕ್ಷಗಾನ ಮೇಳದಿಂದಾಗಿ ಆ ಹೆಸರು ನಮ್ಮಲ್ಲಿ ಎಲ್ಲರಿಗೂ ಪರಿಚಿತ. ಎತ್ತಿನ ಹೇರುಗಳು ಹೋಗಿ ವಿಮಾನದ ಪೆಟ್ಟಿಗೆಗಳು ಬಂದರೂ ಸುಂಕದ ಕಟ್ಟೆ ಮಾತ್ರ ಹೋಗಲಿಲ್ಲವೆಂಬುದಕ್ಕೆ ಆ ಹೆಸರೇ ಸಾಕ್ಷಿಯಾಗಿ ನಿಂತಿದೆ.

ಇನ್ನು ನಮ್ಮ ಸಂಗತಿಗೆ ಬರುತ್ತೇನೆ. ಮಗಳ ಬಾಣಂತನಕ್ಕಾಗಿ ನಾನೂ ಮನೆಯಾಕೆಯೂ ದುಬಾಯಿಗೆ ಹೋಗಿ ಮೂರು ತಿಂಗಳು ಇದ್ದೆವು. ಹೊರಡುವ ದಿನ ಹತ್ತಿರವಾದಾಗ ಮಗಳು, ಸುಳ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತನ್ನ ತಮ್ಮನಿಗೆಂದು ಒಂದು ಲ್ಯಾಪ್‌ಟಾಪನ್ನು ಕೊಂಡಳು. ಅಳಿಯಂದಿರು, ‘ನೀವು ಹಳೆಯ ತಾಳೆಗರಿಗಳ ಪ್ರತಿ ಮಾಡಿಕೊಳ್ಳುವುದಕ್ಕೆ ಅನುಕೂಲವಾಗುತ್ತದೆ’ ಎಂದು ನನಗೂ ಒಂದನ್ನು ತಂದರು. ಇಷ್ಟರಲ್ಲಿ ಅಲ್ಲಿಯೇ ಉದ್ಯೋಗದಲ್ಲಿರುವ ಮನೆಯಾಕೆಯ ಸೋದರಳಿಯನು, ಎಂದರೆ ಕಡಬದ ಕಡೆಯಲ್ಲಿ ಅಡಿಕೆ ತೋಟವಿರುವ ನನ್ನ ಭಾವನವರ ಮಗನು, ಮೂರನೆಯದೊಂದನ್ನು ತಂದು ಮುಂದಿಟ್ಟನು. ಪುತ್ತೂರಿನ ಕಾಲೇಜಿನಲ್ಲಿ ಓದುವ ಅವನ ತಂಗಿಗೆ ಅದನ್ನು ಮುಟ್ಟಿಸಬೇಕಾಗಿತ್ತು. ಮೂರರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆಯದು ಅದೇ: ೩,೬೦೦ ದಿರ್ಹಮು.

‘ಮಾವ, ಡಬ್ಬಿಯನ್ನು ಇಲ್ಲಿಯೇ ಬಿಸಾಡಿ. ಮೇಲಿನ ಪ್ಲಾಸ್ಟಿಕ್ಕು ತೆಗೆದುಬಿಡಿ. ಯಾರಾದರೂ ಕೇಳಿದರೆ ಹಳೆಯದು, ನಾನೇ ಉಪಯೋಗಿಸುವುದು ಎಂದು ಹೇಳಿ. ಎಲ್ಲರೂ ಹಾಗೆಯೇ ಮಾಡುವುದು,’ ಎಂದು ಅವನು ಉಪಾಯವನ್ನೂ ಹೇಳಿಕೊಟ್ಟನು. ಹುಡುಗನು ಕೆಟ್ಟವನಲ್ಲ, ತಂಗಿಯ ಮೇಲಿನ ಪ್ರೀತಿಯಿಂದ ಆರು ತಿಂಗಳ ಉಳಿತಾಯವನ್ನು ಅದಕ್ಕೆ ಹಾಕಿದ್ದನು. ನಾನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಈ ಅರೆಮನಸ್ಸಿನ ಮೌನವೇ ನನ್ನ ತಪ್ಪೆಂದು ಈಗ ತೋರುತ್ತದೆ.

ಆ ರಾತ್ರಿ ಮನೆಯಾಕೆ ಬಟ್ಟೆಗಳನ್ನು ಮಡಿಸಿಡುತ್ತ ಹೇಳಿದ ಮಾತನ್ನು ನಾನು ಮರೆಯಲಾರೆ. ‘ಅಣ್ಣನ ಮಗ ಹೇಳಿದ್ದನ್ನು ಮೀರಿದರೆ ಅಣ್ಣನಿಗೆ ಸಿಟ್ಟು ಬಂದೀತು. ಆದರೆ ಅಲ್ಲಿ ನಿಂತು ಸುಳ್ಳು ಹೇಳಬೇಕಾದವರು ನೀವು. ನಿಮಗೆ ಅದು ಬರುವುದಿಲ್ಲ. ಹೇಳಿದರೂ ಮುಖದಲ್ಲಿ ಗೊತ್ತಾಗುತ್ತದೆ. ಏನು ಕೊಡಬೇಕೋ ಅದನ್ನು ಕೊಟ್ಟು ಬರೋಣ.’ ತವರಿನ ವಿಷಯದಲ್ಲಿ ಹೆಂಗಸರಿಗಿರುವ ಅಭಿಮಾನವನ್ನು ಬಲ್ಲವರಿಗೆ ಈ ಮಾತು ಎಷ್ಟು ಕಷ್ಟದಿಂದ ಹೊರಟಿತೆಂಬುದು ತಿಳಿದೀತು. ಮರುದಿನವೇ ನಾನು ಅಳಿಯಂದಿರ ಸಹಾಯದಿಂದ ಕಸ್ಟಮ್ಸಿನ ನಿಯಮಗಳನ್ನು ತೆಗೆಸಿ, ವ್ಯಾಕರಣದ ಸೂತ್ರಗಳನ್ನು ಓದುವಂತೆ ಪದಪದವಾಗಿ ಓದಿದೆನು. ಓದಿದ ಮೇಲೆ, ನಾವು ಹೆದರುವುದರಲ್ಲಿ ಅರ್ಧವು ಅಜ್ಞಾನದಿಂದ ಹುಟ್ಟಿದುದೆಂದು ಗೊತ್ತಾಯಿತು.

ನಮ್ಮ ದೇಶದಲ್ಲಿ ೧೮೭೮ರ ಸಮುದ್ರ ಸುಂಕದ ಕಾಯಿದೆಯ ಸ್ಥಾನದಲ್ಲಿ ೧೯೬೨ರ ಕಸ್ಟಮ್ಸ್ ಕಾಯಿದೆಯು ಬಂದಿತು. ಅದರ ೭೭ನೆಯ ಕಲಮಿನ ಪ್ರಕಾರ, ಪ್ರಯಾಣಿಕನು ತನ್ನ ಗಂಟುಮೂಟೆಯೊಳಗೆ ಏನಿದೆಯೆಂಬುದನ್ನು ತಾನೇ ತಿಳಿಸತಕ್ಕದ್ದು. ೭೯ನೆಯ ಕಲಮು, ನಿಜವಾಗಿಯೂ ತನ್ನ ಉಪಯೋಗದ ವಸ್ತುಗಳಿಗೂ ಮನೆಯವರ ಉಪಯೋಗಕ್ಕೆ ಅಥವಾ ಉಡುಗೊರೆಗೆಂದು ತಂದ ವಸ್ತುಗಳಿಗೂ ಒಂದು ಮಿತಿಯವರೆಗೆ ಸುಂಕವನ್ನು ಬಿಟ್ಟುಕೊಡುವ ಅಧಿಕಾರವನ್ನು ಹೇಳುತ್ತದೆ. ಆ ಮಿತಿಯನ್ನು ಬ್ಯಾಗೇಜ್ ನಿಯಮಗಳು ನಿರ್ಣಯಿಸುತ್ತವೆ. ೨೦೧೪ರ ಮಧ್ಯದವರೆಗೆ ಅದು ೩೫,೦೦೦ ರೂಪಾಯಿಯಿತ್ತು. ಆ ವರ್ಷ ೪೫,೦೦೦ ಆಯಿತು. ೨೦೧೬ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮಗಳಲ್ಲಿ ೫೦,೦೦೦ಕ್ಕೆ ಏರಿತು. ನಾವು ಬಂದ ೨೦೨೪ರಲ್ಲಿ ನಡೆಯುತ್ತಿದ್ದುದು ಈ ಕೊನೆಯ ಲೆಕ್ಕ. ಇಂಥ ಅಂಕೆಗಳು ಪಂಚಾಂಗದಂತೆ ಆಗಾಗ ಬದಲಾಗತಕ್ಕವಾದುದರಿಂದ, ಹೊರಡುವವರು ಆಯಾ ವರ್ಷದ ನಿಯಮವನ್ನು ನೋಡಿಕೊಂಡೇ ಹೊರಡುವುದು ಯೋಗ್ಯ.

ಲ್ಯಾಪ್‌ಟಾಪಿನ ವಿಷಯದಲ್ಲಿ ಇನ್ನೊಂದು ವಿಶೇಷವಿತ್ತು. ೨೦೦೪ರ ಜನವರಿಯಲ್ಲಿ ಹೊರಟ ಒಂದು ಅಧಿಸೂಚನೆಯ ಪ್ರಕಾರ, ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬ ಪ್ರಯಾಣಿಕನೂ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಅದು ಹೊಸದೇ ಹಳೆಯದೇ ಎಂಬ ಭೇದವಿಲ್ಲ. ಅದರ ಬೆಲೆಯು ಮೇಲೆ ಹೇಳಿದ ೫೦,೦೦೦ದೊಳಗೆ ಸೇರುವುದೂ ಇಲ್ಲ. ವಿಮಾನದಲ್ಲಿ ಕೆಲಸಮಾಡುವ ಸಿಬ್ಬಂದಿಗೆ ಮಾತ್ರ ಈ ರಿಯಾಯಿತಿಯಿಲ್ಲ. ಎಂದಮೇಲೆ ಒಂದೇ ಒಂದು ಹೊಸ ಲ್ಯಾಪ್‌ಟಾಪನ್ನು ತರುವವನು ಅದರ ಡಬ್ಬಿಯನ್ನು ಬಿಸಾಡಿ, ಪ್ಲಾಸ್ಟಿಕ್ಕನ್ನು ಕಿತ್ತು, ಹಳೆಯದೆಂದು ಸುಳ್ಳಾಡುವುದೆಲ್ಲ ಬೇಡದ ಪಾಪ! ಎರಡನೆಯದು ಬಂದಾಗಲೇ ತೊಡಕು. ಅದನ್ನು ಸಾಮಾನ್ಯ ರಿಯಾಯಿತಿಯ ಮೊತ್ತದೊಳಗೆ ಲೆಕ್ಕಹಾಕಬೇಕು. ಮಿತಿಯನ್ನು ಮೀರಿದ ಭಾಗಕ್ಕೆ ಸುಂಕ ಕೊಡಬೇಕು. ೨೦೨೪ರಲ್ಲಿ ಅದು ನೂರಕ್ಕೆ ೩೫, ಮತ್ತು ಆ ಸುಂಕದ ಮೇಲೆ ಹತ್ತನೆಯ ಒಂದು ಪಾಲಿನ ಅಧಿಭಾರ, ಹೀಗೆ ಒಟ್ಟು ನೂರಕ್ಕೆ ಮೂವತ್ತೆಂಟೂವರೆಯಾಗುತ್ತಿತ್ತು. ಗಂಡಹೆಂಡಿರು ಒಂದೇ ದೇಹದ ಎರಡು ಅರ್ಧಗಳೆಂದು ಶಾಸ್ತ್ರವು ಹೇಳಿದರೂ ಕಸ್ಟಮ್ಸಿನವರು ಅದನ್ನು ಒಪ್ಪುವುದಿಲ್ಲ. ಒಬ್ಬರ ರಿಯಾಯಿತಿಯನ್ನು ಇನ್ನೊಬ್ಬರದರೊಡನೆ ಕೂಡಿಸಿ ಒಂದೇ ವಸ್ತುವಿಗೆ ಹಚ್ಚುವಂತಿಲ್ಲ.

ಊರಿನಲ್ಲಿ ಹರಡಿದ್ದ ಇನ್ನೊಂದು ಸುದ್ದಿಯೂ ಹುಸಿಯೆಂದು ತಿಳಿಯಿತು. ೨೦೨೩ರ ಆಗಸ್ಟ್ ೩ರಂದು ಸರಕಾರವು ಪರದೇಶದ ಲ್ಯಾಪ್‌ಟಾಪುಗಳ ಆಮದಿಗೆ ಲೈಸನ್ಸು ಬೇಕೆಂದು ಪ್ರಕಟಿಸಿದಾಗ, ‘ಇನ್ನು ಮೇಲೆ ಮಕ್ಕಳಿಗೊಂದು ಯಂತ್ರ ತರುವುದಕ್ಕೂ ದಿಲ್ಲಿಯ ಅಪ್ಪಣೆ ಬೇಕಂತೆ’ ಎಂದು ಜನರು ಮಾತಾಡಿಕೊಂಡಿದ್ದರು. ಆದರೆ ಆ ಕಟ್ಟಳೆಯು ವರ್ತಕರಿಗೆ ಸಂಬಂಧಿಸಿದುದು. ಪ್ರಯಾಣಿಕರ ಸಾಮಾನನ್ನು ಅದರಿಂದ ಹೊರಗಿಟ್ಟಿದ್ದರು. ವಿಚಿತ್ರವೆಂದರೆ, ವರ್ತಕರು ಹಡಗಿನಲ್ಲಿ ತರಿಸುವ ಲ್ಯಾಪ್‌ಟಾಪಿಗೆ ಮೂಲ ಸುಂಕವೇ ಇರಲಿಲ್ಲ. ೧೯೯೬ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಆದ ಮಾಹಿತಿ ತಂತ್ರಜ್ಞಾನದ ಒಪ್ಪಂದಕ್ಕೆ ಮರುವರ್ಷ ಭಾರತವೂ ಸೇರಿದುದರ ಫಲವದು. ಅವರು ಕೊಡಬೇಕಾದುದು ನೂರಕ್ಕೆ ೧೮ರ ಜಿ.ಎಸ್.ಟಿ. ಮಾತ್ರ. ಪ್ರಯಾಣಿಕನು ಮಿತಿಮೀರಿ ತಂದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಕೊಡುತ್ತಾನೆ. ಪ್ರಯಾಣವು ವ್ಯಾಪಾರಕ್ಕೆ ಮರೆಯಾಗಬಾರದೆಂಬುದೇ ಇದರ ತಾತ್ಪರ್ಯವಾಗಿರಬೇಕು.

ಸಂಸ್ಕೃತವನ್ನು ಕಲಿತವನಿಗೆ ಇದೆಲ್ಲವನ್ನೂ ಓದುವಾಗ ಕೌಟಿಲ್ಯನ ನೆನಪಾಗದಿರದು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅರ್ಥಶಾಸ್ತ್ರದ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವೊಂದಿದೆ. ಊರ ಹೆಬ್ಬಾಗಿಲಿನ ಹತ್ತಿರ ಧ್ವಜವನ್ನು ನೆಟ್ಟು ಶುಲ್ಕಶಾಲೆಯನ್ನು ಕಟ್ಟಬೇಕು; ನಾಲ್ಕೈದು ಮಂದಿ ಕುಳಿತು, ಬಂದವರು ಯಾರು, ಎಲ್ಲಿಂದ ಬಂದರು, ಎಷ್ಟು ಸರಕನ್ನು ತಂದರು, ಎಲ್ಲಿ ಮುದ್ರೆ ಹಾಕಿಸಿದರು ಎಂಬುದನ್ನು ಬರೆದುಕೊಳ್ಳಬೇಕು; ಮುದ್ರೆಯಿಲ್ಲದ ಸರಕಿಗೆ ಎರಡರಷ್ಟು, ಕಳ್ಳಮುದ್ರೆಗೆ ಎಂಟರಷ್ಟು ದಂಡ. ಆದರೆ ಮದುವೆಗೆಂದು ಒಯ್ಯುವುದಕ್ಕೆ, ಮದುಮಗಳೊಡನೆ ಹೋಗುವ ಬಳುವಳಿಗೆ, ಉಡುಗೊರೆಗೆ, ಯಜ್ಞ, ಹೆರಿಗೆ, ದೇವಪೂಜೆ, ಚೌಲ, ಉಪನಯನಗಳಿಗೆ ಬೇಕಾದ ವಸ್ತುಗಳಿಗೆ ಸುಂಕವಿಲ್ಲ. ಅಂಥ ಕಾರ್ಯದ ನೆವ ಹೇಳಿ ಬೇರೆ ಸರಕನ್ನು ಸಾಗಿಸಿದವನಿಗೆ ಮಾತ್ರ ಕಳ್ಳನ ಶಿಕ್ಷೆ. ಮನೆವಾರ್ತೆಯ ವಸ್ತುವನ್ನು ಬಿಟ್ಟುಬಿಡುವುದು, ಸುಳ್ಳು ಹೇಳಿದರೆ ಹಿಡಿಯುವುದು, ಅಂದಿಗೂ ಇಂದಿಗೂ ನೀತಿಯೊಂದೇ. ‘ಶುಲ್ಕ’ವೆಂಬ ಶಬ್ದವೇ ಕನ್ನಡದಲ್ಲಿ ತದ್ಭವವಾಗಿ ‘ಸುಂಕ’ವಾಗಿದೆ, ಶಬ್ದದಂತೆ ಅರ್ಥವೂ ಪೀಳಿಗೆಯಿಂದ ಪೀಳಿಗೆಗೆ ಇಳಿದುಬಂದಿದೆ.

ಕಾಲಕ್ಕೆ ತಕ್ಕಂತೆ ವಸ್ತುಗಳು ಮಾತ್ರ ಬದಲಾಗುತ್ತವೆ. ೧೯೫೪ರಲ್ಲಿ ನ್ಯೂಯಾರ್ಕಿನಲ್ಲಿ ಅನೇಕ ರಾಷ್ಟ್ರಗಳು ಕೂಡಿ, ಪ್ರವಾಸಿಗನು ತನ್ನೊಡನೆ ಸುಂಕವಿಲ್ಲದೆ ಒಯ್ದು ಹಿಂದಕ್ಕೆ ತರಬಹುದಾದ ವಸ್ತುಗಳ ಪಟ್ಟಿಯೊಂದನ್ನು ಮಾಡಿದವು. ಒಂದು ದುರ್ಬೀನು, ಒಂದು ವಾದ್ಯ, ಹತ್ತು ತಟ್ಟೆಗಳೊಡನೆ ಒಂದು ಗ್ರಾಮಫೋನು, ಒಂದು ರೇಡಿಯೋ, ಮಗುವಿನ ತಳ್ಳುಬಂಡಿ, ಮತ್ತು ಒಂದು ಟೈಪ್‌ರೈಟರು ಆ ಪಟ್ಟಿಯಲ್ಲಿದ್ದುವು. ಅಂದಿನ ಟೈಪ್‌ರೈಟರಿನ ಸ್ಥಾನದಲ್ಲಿ ಇಂದು ಲ್ಯಾಪ್‌ಟಾಪು ಕುಳಿತಿದೆ. ಗ್ರಾಮಫೋನು, ರೇಡಿಯೋಗಳನ್ನೂ ಅದೇ ನುಂಗಿಕೊಂಡಿದೆ. ಅಕ್ಷರದ ಉಪಕರಣಕ್ಕೆ ಲೋಕವು ತೋರುವ ಈ ದಾಕ್ಷಿಣ್ಯವು ಮಾಸ್ತರನಾದ ನನಗೆ ಸಂತೋಷವನ್ನುಂಟುಮಾಡಿತು.

ನಡುರಾತ್ರಿ ದುಬಾಯಿಯನ್ನು ಬಿಟ್ಟ ವಿಮಾನವು ಇಳಿಯುವಾಗ ಮೂಡಣವು ಇನ್ನೂ ಬೆಳ್ಳಗಾಗುತ್ತಿತ್ತು. ಪೆಟ್ಟಿಗೆಗಳನ್ನು ತೆಗೆದುಕೊಂಡು ಮುಂದೆ ಬಂದರೆ ಎರಡು ದಾರಿಗಳು. ಸುಂಕ ಕೊಡತಕ್ಕದ್ದು ಏನೂ ಇಲ್ಲದವರಿಗೆ ಹಸುರು ಫಲಕ. ಇರುವವರಿಗೆ ಕೆಂಪು ಫಲಕ. ನೂರಾರು ಮಂದಿ ಹಸುರಿನಲ್ಲಿ ನಡೆದರು. ನಮ್ಮ ಪಕ್ಕದ ಆಸನದಲ್ಲಿ ಕುಳಿತಿದ್ದ ಸಜ್ಜನರೊಬ್ಬರು, ‘ಸುಮ್ಮನೆ ಬನ್ನಿ ಮಾಷ್ಟ್ರೇ, ಯಾರೂ ಕೇಳುವುದಿಲ್ಲ’ ಎಂದು ಕೈಸನ್ನೆ ಮಾಡಿದರು. ಒಂದು ಕ್ಷಣ ನನ್ನ ಕಾಲೂ ಆ ಕಡೆಗೆ ಹೊರಳಿತೆಂಬುದನ್ನು ಮುಚ್ಚಿಡಲಾರೆ. ಮನೆಯಾಕೆ ಏನೂ ಮಾತನಾಡದೆ ಸಾಮಾನಿನ ಗಾಡಿಯನ್ನು ಕೆಂಪು ಫಲಕದ ಕಡೆಗೆ ತಿರುಗಿಸಿದಳು.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂದು ನಮ್ಮಲ್ಲೊಂದು ಗಾದೆಯಿದೆ. ಅದನ್ನು ನಂಬಿಕೊಂಡೇ ನಾನು ಹೋಗಿದ್ದೆ. ಅಲ್ಲಿ ಕುಳಿತಿದ್ದವನು ನನ್ನ ಶಿಷ್ಯರ ವಯಸ್ಸಿನ ತರುಣ. ಮೂರು ಯಂತ್ರಗಳನ್ನೂ ಮೂರು ಬಿಲ್ಲುಗಳನ್ನೂ ಮೇಜಿನ ಮೇಲಿಟ್ಟು, ಯಾವುದು ಯಾರಿಗೆಂಬುದನ್ನು ಇದ್ದಂತೆ ಹೇಳಿದೆನು. ಆತನು ಬಿಲ್ಲುಗಳನ್ನು ರೂಪಾಯಿಗೆ ಪರಿವರ್ತಿಸಿ ಬರೆದನು: ಸೋದರಳಿಯನದು ೮೨,೦೦೦, ಮಗನದು ೭೦,೦೦೦, ನನ್ನದು ೫೬,೦೦೦. ನಾನು ಮನೆಯಲ್ಲಿಯೇ ಲೆಕ್ಕ ಮಾಡಿಕೊಂಡಿದ್ದೆ: ಮೂರನೆಯದು ೫೦,೦೦೦ವನ್ನು ೩೨,೦೦೦ದಿಂದ ಮೀರುತ್ತದೆ, ಸುಂಕವು ೧೨,೩೨೦ ರೂಪಾಯಿ. ಆ ತರುಣನು ನಕ್ಕು, ‘ಇಬ್ಬರಿಗೆ ಎರಡು ಯಂತ್ರಗಳು ಪೂರ್ತಿ ಬಿಡುಗಡೆ. ಬೆಲೆ ಹೆಚ್ಚಿನ ಎರಡನ್ನು ಅದರಲ್ಲಿ ಹಾಕೋಣ. ಉಳಿದದ್ದು ನಿಮ್ಮದು, ಅದು ನಿಮ್ಮ ರಿಯಾಯಿತಿಯನ್ನು ಆರು ಸಾವಿರದಿಂದ ಮಾತ್ರ ಮೀರುತ್ತದೆ’ ಎಂದನು. ಮನೆಯಾಕೆಯ ಚೀಲದ ಖರ್ಜೂರಾದಿಗಳನ್ನು ಆಕೆಯ ರಿಯಾಯಿತಿಗೆ ಬರೆದುಕೊಂಡನು. ನಾನು ಕಟ್ಟಿದ ಸುಂಕವು ೨,೩೧೦ ರೂಪಾಯಿ. ಕಾಲು ಗಂಟೆಯಲ್ಲಿ ರಶೀದಿಯು ಕೈಗೆ ಬಂದಿತು.

ಹಸುರು ದಾರಿಯಲ್ಲಿ ಹೋಗಿದ್ದರೆ ಏನಾಗುತ್ತಿತ್ತು? ಏನೂ ಆಗದೆಯೂ ಇರಬಹುದಾಗಿತ್ತು. ಆದರೆ ಪೆಟ್ಟಿಗೆಗಳ ಒಳಗನ್ನು ತೋರಿಸುವ ಎಕ್ಸ್‌ರೇ ಯಂತ್ರಕ್ಕೆ ಮೂರು ಲ್ಯಾಪ್‌ಟಾಪುಗಳು ಕಾಣದಿರುವುದಿಲ್ಲ. ಹಾಗೆ ಸಿಕ್ಕಿದ ವಸ್ತುವನ್ನು ಕಾಯಿದೆಯ ಪ್ರಕಾರ ಜಪ್ತಿ ಮಾಡಬಹುದು. ಬಿಡಿಸಿಕೊಳ್ಳಬೇಕಾದರೆ ಸುಂಕದ ಮೇಲೆ ದಂಡ. ಅದರ ಮೇಲೆ ಮತ್ತೊಂದು ಜುಲ್ಮಾನೆ. ಇದೇ ಘಟ್ಟಕುಟೀಪ್ರಭಾತ. ರಾತ್ರಿಯ ಅಲೆದಾಟವೂ ದಕ್ಕಲಿಲ್ಲ, ಸುಂಕವೂ ಉಳಿಯಲಿಲ್ಲ.

ಇಲ್ಲಿ, ಹೋಗಿಬರುವ ಗೃಹಸ್ಥರಿಗೆ ನಾಲ್ಕು ಮಾತುಗಳನ್ನು ಹೇಳಿಬಿಡುತ್ತೇನೆ. ಬಿಲ್ಲನ್ನು ಎಂದೂ ಬಿಸಾಡಬಾರದು. ಬಿಲ್ಲಿಲ್ಲದ ವಸ್ತುವಿಗೆ ಅಧಿಕಾರಿಯೇ ಬೆಲೆ ಕಟ್ಟುತ್ತಾನೆ. ಲ್ಯಾಪ್‌ಟಾಪನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಅದರ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಸ್ವಭಾವವಿರುವುದರಿಂದ, ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳನ್ನಂತೂ ವಿಮಾನದ ಹೊಟ್ಟೆಯೊಳಗೆ ಹೋಗುವ ಪೆಟ್ಟಿಗೆಯಲ್ಲಿ ಇಡಲೇಕೂಡದು. ಕೊಳ್ಳುವ ಮೊದಲು, ಅದರ ಗ್ಯಾರಂಟಿಯು ನಮ್ಮ ದೇಶದಲ್ಲಿಯೂ ನಡೆಯುವುದೇ ಎಂದು ಕೇಳಬೇಕು. ಗಲ್ಫ್ ದೇಶಗಳಲ್ಲಿ ಕೆಲವು ಯಂತ್ರಗಳ ಕೀಲಿಮಣೆಯ ಮೇಲೆ ಅರಬ್ಬೀ ಅಕ್ಷರಗಳಿರುತ್ತವೆ. ಪ್ಲಗ್ಗಿನ ಕಡ್ಡಿಗಳು ಚಪ್ಪಟೆಯಾಗಿದ್ದು ನಮ್ಮ ಗೋಡೆಯ ರಂಧ್ರಗಳಿಗೆ ಕೂಡುವುದಿಲ್ಲ. ಇವೆಲ್ಲವನ್ನೂ ಲೆಕ್ಕಹಾಕಿದರೆ, ಪುತ್ತೂರಿನ ಅಂಗಡಿಯಲ್ಲಿಯೇ ಕೊಂಡರೆ ನಷ್ಟವೇನೆಂದು ಎಷ್ಟೋ ಸಲ ಅನಿಸೀತು.

ಇಲ್ಲಿಂದ ಹೊರಡುವವರಿಗೂ ಒಂದು ಎಚ್ಚರಿಕೆಯ ಮಾತು. ಬೆಲೆಬಾಳುವ ಯಂತ್ರ, ಕ್ಯಾಮೆರಾ, ಒಡವೆಗಳನ್ನು ಒಯ್ಯುವವರು, ಹೊರಡುವ ಮುಂಚ ನಿಲ್ದಾಣದ ಕಸ್ಟಮ್ಸಿನವರಿಗೆ ಅವನ್ನು ತೋರಿಸಿ ‘ಎಕ್ಸ್‌ಪೋರ್ಟ್ ಸರ್ಟಿಫಿಕೇಟ್’ ಎಂಬ ಪತ್ರವನ್ನು ಪಡೆಯಬಹುದು. ಯಂತ್ರದ ಅಡಿಯಲ್ಲಿರುವ ಕ್ರಮಸಂಖ್ಯೆಯನ್ನು ಅದರಲ್ಲಿ ಬರೆಸಿಕೊಂಡರೆ, ಹಿಂದಿರುಗುವಾಗ ‘ಇದು ಅಲ್ಲಿ ಕೊಂಡದ್ದಲ್ಲವೇ?’ ಎಂಬ ಪ್ರಶ್ನೆಗೆ ಅದೇ ಉತ್ತರ. ಎಲ್ಲಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಪರಿಚಯವಿಲ್ಲದವರು ಕೊಟ್ಟ, ಅಂಟುಹಾಕಿ ಮುಚ್ಚಿದ ಡಬ್ಬಿಯನ್ನು ಎಷ್ಟು ಕಾಡಿಬೇಡಿದರೂ ತರಬಾರದು. ನಂಟರೇ ಕೊಟ್ಟರೂ ತೆರೆದು, ಕಣ್ಣಾರೆ ಕಂಡು ತೆಗೆದುಕೊಳ್ಳಬೇಕು. ನಮ್ಮ ಚೀಲದಲ್ಲಿರುವುದಕ್ಕೆ ಕಾನೂನಿನ ದೃಷ್ಟಿಯಲ್ಲಿ ನಾವೇ ಹೊಣೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯಲಾರದು.

ಇನ್ನು ಉಳಿದುದು ನಮ್ಮ ಮನೆಯ ವಿಷಯ. ಊರಿಗೆ ಬಂದ ನಾಲ್ಕನೆಯ ದಿನ ಭಾವನವರು ಯಂತ್ರವನ್ನು ತೆಗೆದುಕೊಂಡು ಹೋಗುವುದಕ್ಕೆ ಬಂದರು. ಕಾಪಿ ಕುಡಿಯುವಾಗ ನಾನು ಸುಂಕದ ಸಂಗತಿಯನ್ನು ಹೇಳಿದೆನು. ಅವರ ಮುಖವು ಕಪ್ಪಾಯಿತು. ‘ಭಾವ, ಹುಡುಗ ಅಷ್ಟು ಹೇಳಿಕೊಟ್ಟರೂ ನೀವು ಅಲ್ಲಿ ಹೋಗಿ ಎಲ್ಲವನ್ನೂ ಹರಡಿದ್ದು ಯಾಕೆ? ಅವರು ಹಿಡಿದಿಟ್ಟುಕೊಂಡಿದ್ದರೆ ನನ್ನ ಮಗನ ದುಡ್ಡಿನ ಗತಿ ಏನು? ನಿಮಗೆ ನಿಮ್ಮ ಸತ್ಯ ದೊಡ್ಡದು, ನಮ್ಮದು ಚಿಕ್ಕದು,’ ಎಂದರು. ರಶೀದಿಯನ್ನು ಓದಿ, ‘ಇದರಲ್ಲಿ ಸುಂಕ ಬಿದ್ದದ್ದು ನಿಮ್ಮ ಯಂತ್ರಕ್ಕೆ. ನಮ್ಮದಕ್ಕಲ್ಲ’ ಎಂದು ಮೇಜಿನ ಮೇಲಿಟ್ಟು ಎದ್ದರು. ನಾನು ಹಣವನ್ನು ಕೇಳಿರಲಿಲ್ಲ. ಆದರೂ ಆ ಮಾತು ನೆಟ್ಟಿತು. ಲೆಕ್ಕದ ಪ್ರಕಾರ ಅವರು ಹೇಳಿದುದು ಸರಿ. ಅವರ ಯಂತ್ರವಿಲ್ಲದಿದ್ದರೆ ಸುಂಕವೇ ಇರುತ್ತಿರಲಿಲ್ಲವೆಂಬ ನನ್ನ ಎಣಿಕೆಯೂ ಸರಿ. ಎರಡು ಸಾವಿರದ ಚಿಲ್ಲರೆ ರೂಪಾಯಿಗಳಲ್ಲಿ ನಮ್ಮ ಮೂವತ್ತು ವರ್ಷಗಳ ನಂಟುತನವು ಸಿಕ್ಕಿಕೊಂಡಿತು. ಆ ವರ್ಷ ದೀಪಾವಳಿಗೆ ಮನೆಯಾಕೆಗೆ ತವರಿನಿಂದ ಕರೆ ಬರಲಿಲ್ಲ. ಆಕೆ ಏನೂ ಆಡಲಿಲ್ಲ. ಹಬ್ಬದ ದಿನ ಗೋಪೂಜೆಯನ್ನು ಮುಗಿಸಿ ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಕುಳಿತಿದ್ದಳು. ಸತ್ಯಕ್ಕೂ ಒಂದು ಸುಂಕವುಂಟು; ಅದನ್ನು ಆ ದಿನ ಕಟ್ಟಿದವಳು ಆಕೆ, ನಾನಲ್ಲ.

ನಮ್ಮ ಮೂರು ತಾಲ್ಲೂಕುಗಳ ಜೀವನವು ಅಡಿಕೆಯ ಮೇಲೆ ನಿಂತಿದೆಯೆಂಬುದನ್ನು ಹೇಳಬೇಕಾಗಿಲ್ಲ. ಆ ಅಡಿಕೆಯನ್ನು ಕಾಪಾಡುತ್ತಿರುವ ಬೇಲಿಯಾದರೂ ಯಾವುದು? ಅದೇ ಸುಂಕದ ಕಟ್ಟೆ! ಪರದೇಶದ ಅಡಿಕೆಯು ಅಗ್ಗವಾಗಿ ಬಂದು ಸುರಿಯಬಾರದೆಂದು ಅದರ ಮೇಲೆ ನೂರಕ್ಕೆ ನೂರು ಆಮದು ಸುಂಕವನ್ನು ಹಾಕಲಾಗಿತ್ತು. ಅಷ್ಟೂ ಸಾಲದೆ, ೨೦೨೩ರ ಫೆಬ್ರುವರಿಯಲ್ಲಿ ಅದರ ಕನಿಷ್ಠ ಆಮದು ಬೆಲೆಯನ್ನು ಕಿಲೋ ಒಂದಕ್ಕೆ ೨೫೧ ರೂಪಾಯಿಯಿಂದ ೩೫೧ಕ್ಕೆ ಏರಿಸಿದರು. ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯು ಹುಟ್ಟಿದಂದಿನಿಂದ ಬೆಳೆಗಾರರು ಕೇಳುತ್ತ ಬಂದಿರುವುದು ಬೆಲೆಯ ರಕ್ಷಣೆಯನ್ನೇ. ಕಳ್ಳದಾರಿಯಿಂದ ಬರುವ ಅಡಿಕೆಯನ್ನು ತಡೆಯಿರೆಂದು ಸಭೆ ಸೇರದ, ಮನವಿ ಕೊಡದ ವರ್ಷವಿಲ್ಲ. ಹಾಗಾದರೆ, ನಮ್ಮ ತೋಟದ ಬೇಲಿಯನ್ನು ಗಟ್ಟಿಯಾಗಿ ಕಟ್ಟಿರೆಂದು ಹೇಳುವವರು, ನಾವು ಬರುವಾಗ ಮಾತ್ರ ಅದೇ ಬೇಲಿಯಲ್ಲಿ ಕಂಡಿಯನ್ನು ಹುಡುಕಬಹುದೇ? ಈ ಮಾತನ್ನು ನಾನು ಭಾವನವರಿಗೆ ಆಡಬೇಕೆಂದು ಹತ್ತು ಸಲ ಯೋಚಿಸಿ ಹತ್ತು ಸಲವೂ ಬಿಟ್ಟೆನು. ನೊಂದವರಿಗೆ ನೀತಿ ಹೇಳುವುದು ಮಾಸ್ತರರ ಹಳೆಯ ದುರಭ್ಯಾಸ.

ಆಡುವ ಅಗತ್ಯವೂ ಬೀಳಲಿಲ್ಲ. ಮರುವರ್ಷ ಸಂಕ್ರಾಂತಿಯು ಕಳೆದು, ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದ ದಿನಗಳಲ್ಲಿ, ಒಂದು ಸಂಜೆ ಭಾವನವರು ತಾವಾಗಿಯೇ ಬಂದರು. ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡು ಬಹಳ ಹೊತ್ತಿನ ಮೇಲೆ ಹೇಳಿದರು: ‘ಮೊನ್ನೆ ಬೆಳೆಗಾರರ ಸಭೆಯಿತ್ತು. ಕಳ್ಳ ಅಡಿಕೆಯ ವಿಷಯದಲ್ಲಿ ನಾನು ಎದ್ದು ಮಾತಾಡಬೇಕೆಂದು ಎಲ್ಲರೂ ಹೇಳಿದರು. ಎದ್ದು ನಿಂತೆ. ನಾಲಿಗೆ ಏಳಲಿಲ್ಲ ಭಾವ. ನಿಮ್ಮ ರಶೀದಿಯೇ ಕಣ್ಣಿಗೆ ಕಟ್ಟಿತು.’ ಅನಂತರ ಕಿಸೆಯಿಂದ ಒಂದು ಲಕೋಟೆಯನ್ನು ತೆಗೆದು ತಂಗಿಯ ಕೈಯಲ್ಲಿಟ್ಟರು. ಅದರೊಳಗೆ ಎಣಿಸಿಟ್ಟ ೨,೩೧೦ ರೂಪಾಯಿಗಳಿದ್ದುವು. ನಾನು ಬೇಡವೆಂದು ಬಾಯಿ ತೆರೆಯುವಷ್ಟರಲ್ಲಿ ಮನೆಯಾಕೆ, ‘ತೆಗೆದುಕೊಳ್ಳಿ. ಬೇಡವೆಂದರೆ ಅಣ್ಣನಿಗೆ ಮತ್ತೆ ಸಭೆಯಲ್ಲಿ ಮಾತು ಬರಲಿಕ್ಕಿಲ್ಲ’ ಎಂದಳು. ಮೂವರೂ ನಕ್ಕೆವು. ಎಷ್ಟೋ ತಿಂಗಳುಗಳ ಮೇಲೆ ನಮ್ಮ ಜಗಲಿಯಲ್ಲಿ ಕೇಳಿಸಿದ ನಗುವದು.

ಮರುದಿನ ಆಕೆ ಅಣ್ಣನೊಡನೆ ತವರಿಗೆ ಹೋಗಿ ಒಂದು ವಾರವಿದ್ದು ಬಂದಳು. ಸೋದರಸೊಸೆಯು ಹೊಸ ಯಂತ್ರದಲ್ಲಿ ಏನೇನು ಕಲಿಯುತ್ತಿದ್ದಾಳೆಂಬುದನ್ನು ಈಗಲೂ ಬಾಯಿತುಂಬ ಹೇಳುತ್ತಾಳೆ. ಆ ಒಂದು ವಾರ ಮನೆಯಲ್ಲಿ ಒಬ್ಬನೇ ಇದ್ದ ನಾನು, ಗಂಜಿ ಬೇಯಿಸಿಕೊಂಡು ಉಂಡು, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತ ಈ ಲೇಖನವನ್ನು ಆರಂಭಿಸಿದೆನು. ಬರೆದುದು ಸುಂಕ ಕೊಟ್ಟು ತಂದ ಆ ಯಂತ್ರದಲ್ಲಿಯೇ. ರಶೀದಿಯನ್ನು ಪಂಚಾಂಗದ ನಡುವೆ ಮಡಿಸಿಟ್ಟಿದ್ದೇನೆ. ನೋಡಬೇಕೆಂಬ ನೆರೆಹೊರೆಯವರು ಬಂದರೆ ತೋರಿಸುತ್ತೇನೆ.